ಬಾಲ್ಯಮಿತ್ರರ ಹಳೆಯ ವಿಳಾಸ

2025ರ ಕಾರ್ತಿಕ ಮಾಸದಲ್ಲಿ, ತುಳಸೀಲಗ್ನವಾದ ತರುವಾಯ, ಹತ್ತಿರದ ಬಂಧುಗಳ ಮನೆಯ ವಿವಾಹಕ್ಕಾಗಿ ನಾವು ಬೆಂಗಳೂರಿನಿಂದ ವಿಜಯಪುರಕ್ಕೆ ಮೋಟಾರಿನಲ್ಲಿ ಪ್ರಯಾಣ ಮಾಡಬೇಕಾಯಿತು. ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ. ರೈಲಿನಲ್ಲಿ ಸ್ಥಳ ದೊರೆಯದ ಕಾರಣ ಈ ಸಾಹಸಕ್ಕೆ ಒಪ್ಪಿಕೊಂಡೆವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪತ್ರಿಕಾಕರ್ತರು ದೇಶಸಂಚಾರ ಮಾಡಿ ಲೋಕಾನುಭವವನ್ನು ಗಳಿಸುತ್ತಾರೆಂಬ ಭ್ರಾಂತಿ ವಾಚಕರಿಗೆ ಬೇಡ. ನಮ್ಮ ಸಂಚಾರವೆಲ್ಲ ಬಹುಮಟ್ಟಿಗೆ ಮನೆಯಿಂದ ಮುದ್ರಣಾಲಯಕ್ಕೆ, ಮುದ್ರಣಾಲಯದಿಂದ ಮನೆಗೆ.

ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಈಗಿನ ಹೆದ್ದಾರಿಯ ವಿಷಯವಾಗಿ ದೂರುವುದಕ್ಕೆ ಏನೂ ಇಲ್ಲ. ವಿಶಾಲವಾಗಿದೆ, ನೇರವಾಗಿದೆ, ಹೊಟ್ಟೆಯ ನೀರು ಅಲುಗುವುದಿಲ್ಲ. ಆದರೆ ನೆಲಮಂಗಲ, ತುಮಕೂರು, ಶಿರಾ, ಹಿರಿಯೂರುಗಳೆಂಬ ಊರುಗಳನ್ನು ನಾವು ಕಂಡೆವೆಂದು ಹೇಳಲಾರೆವು. ಅವುಗಳ ಹೆಸರನ್ನು ಹಸುರು ಹಲಗೆಗಳ ಮೇಲೆ ಓದಿದೆವು, ಅಷ್ಟೆ. ಹಿಂದೆ ಇದೇ ದಾರಿಯಲ್ಲಿ ಬಸ್ಸು ಪ್ರತಿಯೊಂದು ಊರಿನ ಹೊಟ್ಟೆಯೊಳಗೆ ನುಗ್ಗಿ, ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು, ಇಬ್ಬರನ್ನು ಇಳಿಸಿ ನಾಲ್ವರನ್ನು ಹತ್ತಿಸಿಕೊಂಡು ಹೊರಡುತ್ತಿತ್ತು. ಆ ಹತ್ತು ನಿಮಿಷದಲ್ಲಿ ಗುರುತಿನವರೊಬ್ಬರು ಸಿಕ್ಕದೆ ಇರುತ್ತಿರಲಿಲ್ಲ. ಈಗ ಊರೆಲ್ಲ ಪಕ್ಕಕ್ಕೆ ಸರಿದು ದಾರಿ ಮಾತ್ರ ಉಳಿದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಈಗ ಹೇಳಿಕೊಳ್ಳುವುದಕ್ಕೆ ಸುಂಕದವನೂ ಇಲ್ಲ. ಗಾಜಿಗೆ ಅಂಟಿಸಿದ ಚೀಟಿಯನ್ನು ಯಂತ್ರವೇ ನೋಡಿ ಹಣವನ್ನು ಮುರಿದುಕೊಳ್ಳುತ್ತದೆ.

ಚಿತ್ರದುರ್ಗದಲ್ಲಿ ಪುಣೆಯ ದಾರಿಯನ್ನು ಬಿಟ್ಟು 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದೆವು. ನಮ್ಮ ವಯಸ್ಸಿನವರು ಇದನ್ನು ಇನ್ನೂ ಹದಿಮೂರನೆಯ ನಂಬರಿನ ರಸ್ತೆಯೆಂದೇ ಕರೆಯುತ್ತಾರೆ. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಿಸಿದರು. ಹೊಸಪೇಟೆಯ ಬಳಿ ತುಂಗಭದ್ರೆಯನ್ನು ದಾಟುವಾಗ, 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದ ರಾತ್ರಿಯ ಕಥೆಯನ್ನು ನಮ್ಮ ಸಾರಥಿ ತಾನೇ ಕಣ್ಣಾರೆ ಕಂಡವನಂತೆ ಹೇಳಿದನು. ಕುಷ್ಟಗಿ, ಇಳಕಲ್ಲುಗಳನ್ನು ದಾಟಿ ಹುನಗುಂದದ ಸಮೀಪಕ್ಕೆ ಬಂದಾಗ ಹನ್ನೊಂದೂವರೆ ಗಂಟೆಯಾಗಿತ್ತು. ಅಲ್ಲಿ ಎಡಕ್ಕೆ ಬಾಣದ ಗುರುತಿನೊಡನೆ ಬಾಗಲಕೋಟೆ ಎಂದು ಬರೆದ ಹಲಗೆಯಿದೆ.

ಆ ಹಲಗೆಯನ್ನು ನಾವು ಮೊದಲನೆಯ ಸಲ ನೋಡಿದ್ದಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ಹತ್ತು ಹನ್ನೆರಡು ಸಲವಾದರೂ ಈ ದಾರಿಯಲ್ಲಿ ಹೋಗಿದ್ದೇವೆ. ಪ್ರತಿಸಲವೂ ಗಡಿಯಾರವನ್ನು ನೋಡಿಕೊಂಡು, ಬರುವಾಗ ನೋಡೋಣವೆಂದು ಮುಂದೆ ಸಾಗಿದ್ದೇವೆ. ಬರುವಾಗ ರಾತ್ರಿಯಾಗಿರುತ್ತಿತ್ತು. ಈ ಸಲ ಸಾರಥಿಯನ್ನು ಕೇಳಿದೆವು: ಬಾಗಲಕೋಟೆಯ ಮೇಲೆ ಹೋದರೆ ಎಷ್ಟು ಸುತ್ತಾಗುತ್ತದೆ? ಅವನು ಕೈಯಲ್ಲಿನ ಫೋನನ್ನು ನೋಡಿ, "ಒಂದು ನಲವತ್ತು ಕಿಲೋಮೀಟರ್ ಜಾಸ್ತಿ ಆಗ್ಬಹುದು ಸಾರ್, ಅಷ್ಟೇ" ಎಂದನು. ಆ "ಅಷ್ಟೇ" ಎಂಬ ಮಾತು ನಮ್ಮನ್ನು ಚುಚ್ಚಿತು. ನಲವತ್ತು ಕಿಲೋಮೀಟರಿನ ಸುತ್ತನ್ನು ನಾವು 29 ವರ್ಷಗಳಿಂದ ತಪ್ಪಿಸಿಕೊಂಡು ಬಂದಿದ್ದೆವು. ಕಾರನ್ನು ಎಡಕ್ಕೆ ತಿರುಗಿಸೆಂದು ಹೇಳಿದೆವು.

ಇನ್ನು ಆ ಮಿತ್ರರ ವಿಷಯವನ್ನು ಹೇಳಬೇಕು. ಹೆಸರನ್ನು ಬರೆಯುವುದಿಲ್ಲ, ಅದು ಅವರಿಗೆ ಸೇರದು. ನಮ್ಮ ತಂದೆಯವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು, ಹೋಟಗಿ-ಗದಗ ದಾರಿ ಇನ್ನೂ ಮೀಟರ್‌ಗೇಜಾಗಿದ್ದ ಕಾಲದಲ್ಲಿ ಬಾಗಲಕೋಟೆಗೆ ವರ್ಗವಾಗಿ ಬಂದರು. ಅಲ್ಲಿ ಆರು ವರ್ಷ ನಾವು ಓದಿದುದು, ಅದರಲ್ಲಿ ಐದು ವರ್ಷ ಈ ಮಿತ್ರರ ಪಕ್ಕದಲ್ಲಿ ಕುಳಿತು. ತಂದೆಯವರು ಕಡೆಯವರೆಗೂ ಮೆಟ್ರಿಕ್ಯುಲೇಷನ್ ಎಂದೇ ಕರೆಯುತ್ತಿದ್ದ ಪರೀಕ್ಷೆಗೆ ನಾವಿಬ್ಬರೂ ಓದಿದ್ದು ಅವರ ಮನೆಯ ಅಟ್ಟದ ಮೇಲೆ, ಒಂದೇ ದೀಪದಲ್ಲಿ. ಅವರ ತಂದೆಯದು ಊರೊಳಗಿನ ಒಂದು ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ, ನಡುವೆ ಒಂದು ಬಾವಿ. ಪರೀಕ್ಷೆಯಲ್ಲಿ ಅವರಿಗೆ ನಮಗಿಂತ ಹೆಚ್ಚು ಅಂಕಗಳು ಬಂದವು. ನಾವು ಬೆಂಗಳೂರಿಗೆ ಬಂದು ಅಚ್ಚುಮೊಳೆಗಳ ನಡುವೆ ಸೇರಿದೆವು, ಅವರು ತಕ್ಕಡಿಯನ್ನು ಹಿಡಿದರು. 1996ರಲ್ಲಿ ಒಮ್ಮೆ ಹೋಗಿ ನೋಡಿದ್ದೆವು. ಆಮೇಲೆ ಕಾಗದಗಳು, ಆಮೇಲೆ ಒಂದು ದೊಡ್ಡ ಕಾಗದ, ಆಮೇಲೆ ಏನೂ ಇಲ್ಲ. ಆ ದೊಡ್ಡ ಕಾಗದದ ಮಾತು ಮುಂದೆ ಬರುತ್ತದೆ.

ಅಮೀನಗಡದಲ್ಲಿ ಎರಡು ಸೇರಷ್ಟು ಕರದಂಟನ್ನು ಕೊಂಡುಕೊಂಡು, ಊಟದ ಹೊತ್ತಿಗೆ ಬಾಗಲಕೋಟೆಯನ್ನು ಸೇರಿದೆವು. ಸೇರಿದ ಮೇಲೆ ನಮ್ಮ ಅವಿವೇಕವು ನಮಗೆ ತಿಳಿಯಿತು. ನಮ್ಮ ಬಳಿಯಲ್ಲಿದ್ದುದು ಹಳೆಯ ವಿಳಾಸ. ಆ ವಿಳಾಸವು ನೀರಿನ ಕೆಳಗಿತ್ತು.

ವಾಚಕರಲ್ಲಿ ಅನೇಕರಿಗೆ ಇದರ ಪೂರ್ವವೃತ್ತಾಂತ ತಿಳಿದೇ ಇದೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟನ್ನು ಕಟ್ಟುವ ಕಾರ್ಯಕ್ಕೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಜಲಾಶಯಕ್ಕೆ ಅವರ ಹೆಸರೇ ಇದೆ. ಕೆಲಸ ಮೂವತ್ತು ವರ್ಷಗಳಿಗೂ ಮೀರಿ ನಡೆಯಿತು. ಎತ್ತರದ ವಿಷಯದಲ್ಲಿ ನೆರೆಯ ರಾಜ್ಯದೊಡನೆ ವ್ಯಾಜ್ಯವಾಗಿ, 2000ದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರಿನ ಮಟ್ಟದವರೆಗೆ ಅನುಮತಿಯನ್ನಿತ್ತಿತು. ಆ ಮಟ್ಟಕ್ಕೆ ಜಲಾಶಯವು 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲಕ್ಕೇರಿ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಅಲ್ಲಿದ್ದವರಿಗಾಗಿ ಕೆಲವು ಮೈಲಿಗಳ ಆಚೆ ನವನಗರವೆಂಬ ಹೊಸ ಊರು ಹುಟ್ಟಿತು. ಅದರ ನಕ್ಷೆಯನ್ನು ಹಾಕಿದವರು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು. ಅಗಲವಾದ ರಸ್ತೆಗಳು, ಸಾಲುಮರಗಳು. ಓಣಿಗಳ ಸ್ಥಾನದಲ್ಲಿ ಸೆಕ್ಟರುಗಳು, ಹೆಸರುಗಳ ಸ್ಥಾನದಲ್ಲಿ ಸಂಖ್ಯೆಗಳು.

ಆ ಸಂಖ್ಯೆಗಳ ನಡುವೆ ಒಂದು ಗಂಟೆಯ ಕಾಲ ಅಲೆದೆವು. ಅಂಗಡಿಯವರ ಹೆಸರು ಹೇಳಿದರೆ, "ಯಾವ ಸೆಕ್ಟರ್ರಿ?" ಎಂಬ ಪ್ರಶ್ನೆ. ಅದೇ ತಾನೇ ನಮಗೆ ತಿಳಿಯದು! ಕಡೆಗೆ ಬೇವಿನ ಮರದ ಕೆಳಗೆ ಕುಳಿತಿದ್ದ ಮುದುಕರೊಬ್ಬರು ನಮ್ಮನ್ನೇ ತಿರುಗಿ ಕೇಳಿದರು: "ಮೊದಲ ಯಾವ ಪೇಟಿಯವರು ಅವರು?" ಪೇಟೆಯ ಹೆಸರು ಹೇಳಿದೆವು. "ಹಂಗನ್ರಿ ಮತ್ತ!" ಎಂದು ಎದ್ದು ನಿಂತು, ಎರಡು ತಿರುವುಗಳಾಚೆ ಒಂದು ನೀಲಿ ಬಾಗಿಲನ್ನು ತೋರಿಸಿಯೇಬಿಟ್ಟರು.

ಇದು ಹೇಗೆಂಬುದನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಬಾಗಲಕೋಟೆಯ ಹೋಳಿ ಹಬ್ಬದ ಖ್ಯಾತಿಯನ್ನು ಬಲ್ಲವರು ಬಲ್ಲರು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದು ಅಲ್ಲಿ ಪೇಟೆಗಳು. ಪೇಟೆಗೊಂದು ಸರದಿ, ಹಲಗೆಗಳ ಮೇಳ, ಬಣ್ಣ ತುಂಬಿದ ಪೀಪಾಯಿಗಳನ್ನು ಹೇರಿದ ಬಂಡಿಗಳು. ಓಣಿ ಬಿಟ್ಟು ಹೋದವರು ಕೂಡ ಹಬ್ಬದ ದಿನ ತಮ್ಮ ಹಳೆಯ ಪೇಟೆಯ ಬಂಡಿಯನ್ನು ಹುಡುಕಿಕೊಂಡು ಬರುತ್ತಾರಂತೆ. ವರ್ಷಕ್ಕೊಮ್ಮೆ ಈ ಹಾಜರಿ ನಡೆಯುವುದರಿಂದ ಯಾರು ಯಾವ ಪೇಟೆಯವರೆಂಬುದು ಮುದುಕರಿಗೆ ಮರೆತಿಲ್ಲ.

ಬಾಗಿಲು ತೆರೆದವರು ಮಿತ್ರರೇ. ತಲೆ ಪೂರ್ತಿ ಬೆಳ್ಳಗಾಗಿದೆ. ದಪ್ಪ ಗಾಜಿನ ಕನ್ನಡಕ. "ಯಾರು ಬೇಕಾಗಿತ್ತರಿ?" ಎಂದರು. ನಾವು ಮಾತಾಡಲಿಲ್ಲ. ಅರ್ಧ ನಿಮಿಷ ಮುಖವನ್ನೇ ನೋಡಿ, ಶಾಲೆಯಲ್ಲಿ ನಮಗೆ ಇಟ್ಟಿದ್ದ ಅಡ್ಡಹೆಸರನ್ನು ಹಿಡಿದು ಕೂಗಿದರು: "ಏ, ಟೇಶನ್ ಅಲ್ಲೇನೋ ನೀನು! ದಾರಿ ತಪ್ಪಿ ಬಂದೀಯೇನು?" ದಾರಿ ತಪ್ಪಿದ್ದೆವು, ಹೌದು, ಆದರೆ ಅದು ಈ ದಿನವಲ್ಲ. ಇಷ್ಟು ಮಾತನ್ನು ಆಡಬೇಕೆಂದುಕೊಂಡೆವು, ಗಂಟಲಿನಿಂದ ಹೊರಡಲಿಲ್ಲ.

ಅವರ ಪತ್ನಿಯವರು ನೀರು ತಂದಿಟ್ಟು, "ಕೈಕಾಲು ತೊಳಕೊಳ್ರಿ ಅಣ್ಣಾರ, ಈಗ ರೊಟ್ಟಿ ಬಡೀತೇನಿ" ಎಂದು ಒಳಗೆ ಹೋದರು. ವಿವಾಹದ ಮನೆಯಲ್ಲಿ ಊಟವಿದೆಯೆಂದು ಹೇಳಿದುದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾಹಿಂಡಿ, ಕೆನೆ ಮೊಸರು. ಬೆಂಗಳೂರಿನಲ್ಲಿ ಈ ಹೆಸರಿನಿಂದ ನಮಗೆ ಬಡಿಸತಕ್ಕ ಪದಾರ್ಥಗಳ ವಿಷಯವಾಗಿ ಇಲ್ಲಿ ಬರೆದರೆ ಕೆಲವರು ಉಪಾಹಾರ ಗೃಹದ ಮಾಲಿಕರು ನೊಂದುಕೊಂಡಾರು.

ಊಟವಾದ ಮೇಲೆ ಅಂಗಡಿಯ ಮಾತು ಬಂದಿತು. ಅಂಗಡಿ ಈಗ ಇಲ್ಲ. ಮಿತ್ರರು ಹನ್ನೆರಡು ವರ್ಷ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು, ಕಣ್ಣಿನ ದೋಷದಿಂದ ಅದನ್ನೂ ಬಿಟ್ಟಿದ್ದಾರೆ. ಕಪಾಟಿನಿಂದ ಒಂದು ಉದ್ದನೆಯ ಕೆಂಪು ರಟ್ಟಿನ ಪುಸ್ತಕವನ್ನು ತೆಗೆದು ನಮ್ಮ ಮುಂದಿಟ್ಟರು. ಉದ್ರಿಯ ಖಾತೆ. ಸುಮಾರು ಇನ್ನೂರು ಮನೆಗಳ ಲೆಕ್ಕ. ಕೆಲವು ಖಾತೆಗಳು ಅವರ ತಾತನ ಕಾಲದಿಂದ ಮಗನಿಗೆ, ಮೊಮ್ಮಗನಿಗೆ ಎಂದು ಮುಂದುವರಿದು ಬಂದವು. ಸುಗ್ಗಿಯಲ್ಲಿ ಜೋಳ ಬಂದಾಗ, ನೇಕಾರರಿಗೆ ಕೂಲಿ ಬಟವಾಡೆಯಾದಾಗ, ಪಗಾರದ ದಿನ, ಹೀಗೆ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ತೀರಿಸುವರು. ಪೂರ್ತಿ ತೀರಿಸುವವರು ಯಾರೂ ಇಲ್ಲ. ಪೂರ್ತಿ ತೀರಿಸಿದನೆಂದರೆ ಆ ಗಿರಾಕಿ ಸಿಟ್ಟಾಗಿ ಬೇರೆ ಅಂಗಡಿಗೆ ಹೊರಟನೆಂದು ಅರ್ಥ. ಓಣಿಯ ಬಾಯಿಮಾತೇ ಇದಕ್ಕೆ ದಸ್ತಾವೇಜು, ಎದುರುಮನೆಯ ಕಟ್ಟೆಯೇ ಕಚೇರಿ.

ಓಣಿ ಒಡೆದಾಗ ಈ ವ್ಯಾಪಾರವೂ ಒಡೆಯಿತು. ಒಂದೇ ಗೋಡೆಯನ್ನು ಹಂಚಿಕೊಂಡಿದ್ದ ಮನೆಗಳಿಗೆ ದೂರ ದೂರದ ನಿವೇಶನಗಳು ಸಿಕ್ಕಿದವು. ಇನ್ನೂರು ಮನೆಗಳಲ್ಲಿ ಇವರ ಹೊಸ ಬೀದಿಗೆ ಬಂದವು ಏಳು. ಹೊಸ ನೆರೆಯವರು ಸಭ್ಯರು, ರೊಕ್ಕ ಕೊಟ್ಟು ಕೊಳ್ಳುವವರು. ಆದರೆ ರೊಕ್ಕ ಕೊಟ್ಟು ಕೊಳ್ಳುವವರಿಗೆ ಎಲ್ಲ ಅಂಗಡಿಯೂ ಒಂದೇ. ಎರಡು ವರ್ಷ ಹೆಣಗಿ ಬಾಗಿಲು ಮುಚ್ಚಿದರು.

"ಗ್ವಾಡಿ ಅಳದ್ರು, ಬಾಗಲಾ ಎಣಿಸಿದ್ರು, ಬಾವಿ ಬರಕೊಂಡ್ರು," ಎಂದರು ಮಿತ್ರರು, ಪುಸ್ತಕದ ಮೇಲೆ ಕೈಯಿಟ್ಟು. "ಇದನ್ನ ಅಳೀಲಿಕ್ಕೆ ಯಾರೂ ಬರಲಿಲ್ಲ."

ಬರಬೇಕಾದ ಹಣದ ವಿಷಯವಾಗಿ ಅವರಿಗೆ ಅಷ್ಟೇನೂ ವ್ಯಥೆಯಿಲ್ಲ. ಬಹಳ ಜನ ತಾವಾಗಿಯೇ ಹುಡುಕಿಕೊಂಡು ಬಂದು ಕೊಟ್ಟರಂತೆ. ಒಬ್ಬ ಮುದುಕಿ ಆರು ವರ್ಷದ ಮೇಲೆ ಬಂದು, ಸೆರಗಿನ ಗಂಟಿನಿಂದ ಹಣ ಬಿಚ್ಚಿಟ್ಟು, "ಖಾತೆ ಹೊಡದಹಾಕಬ್ಯಾಡ್ರಿ, ಐದು ರೂಪಾಯಿ ಬಾಕಿ ಇರಲಿ" ಎಂದಳಂತೆ. ಆ ಐದು ರೂಪಾಯಿ ಇನ್ನೂ ಪುಸ್ತಕದಲ್ಲಿದೆ, ನಾವು ನೋಡಿದೆವು.

ಇಳಿಹೊತ್ತಿನಲ್ಲಿ ನೀರಿನ ಅಂಚಿಗೆ ಹೋಗಿಬಂದೆವು. ಜಲಾಶಯ ತುಂಬಿದ ಕಾಲ. ಕಣ್ಣು ಹಾಯುವಷ್ಟು ದೂರ ನೀರು. ಮಿತ್ರರು ಕೈಯೆತ್ತಿ, ಅಲ್ಲಿ ಗುಡಿ, ಅಲ್ಲಿ ಹಿಟ್ಟಿನ ಗಿರಣಿ, ಅಲ್ಲಿ ನಮ್ಮ ಅಟ್ಟ ಎಂದು ತೋರಿಸುತ್ತ ಹೋದರು. ನಮಗೆ ನೀರಲ್ಲದೆ ಬೇರೇನೂ ಕಾಣಲಿಲ್ಲ. ಅವರ ಕಣ್ಣು ಮಂದವಾಗಿದ್ದರೂ ಅವರಿಗೆ ಎಲ್ಲವೂ ಕಾಣುತ್ತಿತ್ತು. ಬೇಸಗೆಯಲ್ಲಿ ನೀರಿಳಿದಾಗ ತಮ್ಮ ಅಂಗಡಿಯ ಮೆಟ್ಟಿಲುಗಲ್ಲಿನವರೆಗೆ ನಡೆದುಹೋಗಿ ಕುಳಿತು ಬರುತ್ತಾರಂತೆ.

ಅಲ್ಲಿ ನಿಂತಾಗ ನಾವು ಆ ಕಾಗದದ ಮಾತನ್ನೆತ್ತಿದೆವು. ಎತ್ತದೆ ಇರುವುದು ಸಾಧ್ಯವಿರಲಿಲ್ಲ.

2000ದ ಜೂನಿನಲ್ಲಿ ಅವರು ನಮಗೆ ಐದು ಹಾಳೆಗಳ ಪತ್ರವನ್ನು ಬರೆದಿದ್ದರು, ನಮ್ಮ ಪತ್ರಿಕೆಯಲ್ಲಿ ಪ್ರಕಟಿಸುವುದಕ್ಕಾಗಿ. ಅಣೆಕಟ್ಟು ಬೇಡವೆಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬರಗಾಲದ ಸೀಮೆಗೆ ನೀರು ಬರಲಿ, ನಾವು ಏಳುತ್ತೇವೆ. ಆದರೆ ಎಬ್ಬಿಸುವಾಗ ಓಣಿಯನ್ನು ಓಣಿಯಾಗಿಯೇ ಎಬ್ಬಿಸಿ, ಅಕ್ಕಪಕ್ಕದವರಿಗೆ ಅಕ್ಕಪಕ್ಕದಲ್ಲಿಯೇ ನಿವೇಶನ ಕೊಡಿ, ಹೊಸ ಬೀದಿಗೆ ಹಳೆಯ ಓಣಿಯ ಹೆಸರನ್ನಿಡಿ ಎಂಬುದೇ ಅದರ ಸಾರ. ಆಗ ಪತ್ರಿಕೆಯ ಆಡಳಿತ ನಮ್ಮ ಕೈಗೆ ಬಂದು ಎರಡು ವರ್ಷವಾಗಿತ್ತು. ನ್ಯಾಯಾಲಯದ ತೀರ್ಪು ಬಂದು ಎರಡು ತಿಂಗಳು; ನಾವು ದಿನಬಿಟ್ಟು ದಿನ ಕನ್ನಡನಾಡಿನ ನೀರಿನ ಹಕ್ಕಿನ ಮೇಲೆ ಅಗ್ರಲೇಖನಗಳನ್ನು ಬರೆಯುತ್ತಿದ್ದೆವು. ಇಂತಹ ಸಮಯದಲ್ಲಿ ಮುಳುಗಡೆಯವರ ದೂರನ್ನು ಅಚ್ಚುಮಾಡಿದರೆ ಪ್ರತಿಪಕ್ಷದವರು ಅದನ್ನೇ ಕೈಗೆ ತೆಗೆದುಕೊಂಡು ನಮ್ಮ ವಾದಕ್ಕೆ ಎದುರಾಗಿ ನಿಲ್ಲಿಸಿಯಾರೆಂದು ಹೆದರಿದೆವು. ನಾಡಿನ ಹಿತ ದೊಡ್ಡದು, ಒಂದು ಓಣಿಯ ಹಿತ ಚಿಕ್ಕದು ಎಂದು ನಮಗೆ ನಾವೇ ಹೇಳಿಕೊಂಡೆವು. ಹೀಗೆಂದು ಮಿತ್ರರಿಗೆ ಬರೆಯುವ ಧೈರ್ಯವಾದರೂ ಇತ್ತೇ? ಅದೂ ಇಲ್ಲ. ಎಲ್ಲರಿಗೂ ಕಳುಹಿಸುವ ಅಚ್ಚಿನ ಕಾರ್ಡನ್ನೇ ಅವರಿಗೂ ಕಳುಹಿಸಿದೆವು: "ಸ್ಥಳಾಭಾವದಿಂದ ಪ್ರಕಟಿಸಲಾಗಲಿಲ್ಲ, ವಿಷಾದಿಸುತ್ತೇವೆ." ಆ ವಾರದ ಸಂಚಿಕೆಗಳಲ್ಲಿ ಸೀರೆಯ ಅಂಗಡಿಗಳ ಜಾಹೀರಾತಿಗೆ ಸ್ಥಳದ ಅಭಾವವಾಗಿರಲಿಲ್ಲ.

ಮಿತ್ರರು ನಕ್ಕುಬಿಟ್ಟರು. "ಬಿಡೋ ಮಾರಾಯಾ. ಪೇಪರಿನಾಗ ಬಂದಿದ್ರ ನೀರು ನಿಂದರತಿತ್ತೇನು?" ಎಂದರು. ನೀರು ನಿಲ್ಲುತ್ತಿರಲಿಲ್ಲ, ನಿಜ. ಆದರೆ ಅವರು ಕೇಳಿದ್ದು ನೀರನ್ನು ನಿಲ್ಲಿಸಿರೆಂದಲ್ಲ. ಓಣಿಯನ್ನು ಒಟ್ಟಿಗೆ ಎಬ್ಬಿಸಿರೆಂಬ ಮಾತನ್ನು ನಾಲ್ಕು ಜನ ಅಧಿಕಾರಿಗಳು ಓದಿದ್ದರೆ, ಅವರಲ್ಲಿ ಒಬ್ಬನಿಗಾದರೂ ಅದು ಹೌದೆನಿಸಿದ್ದರೆ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಮನೆಗೆ ಹಿಂದಿರುಗಿದ ಮೇಲೆ ಅವರ ಪತ್ನಿಯವರು, ಚಹದ ಬಟ್ಟಲನ್ನು ಮುಂದಿಡುತ್ತ, ಮಿತ್ರರು ಹೇಳದೆ ಉಳಿಸಿದ್ದ ಮಾತನ್ನು ಹೇಳಿದರು: "ನಿಮ್ಮ ಪೇಪರ ದಿನಾ ಪೋಸ್ಟಿನ್ಯಾಗ ಬರತಿತ್ತರಿ ಅಣ್ಣಾರ. ಆ ಪತ್ರಾ ಬರದ ಮ್ಯಾಲೆ ಒಂದು ತಿಂಗಳ ದಿನಾ ಬಿಚ್ಚಿ ನೋಡೋರು. ಆಮ್ಯಾಲೆ ಬಿಡಿಸಿಬಿಟ್ರು." ಮಿತ್ರರು, "ಏ, ಕಣ್ಣು ಕಾಣವಲ್ದು ಅಂತ ಬಿಡಿಸಿದೆ" ಎಂದರು. 2000ದಲ್ಲಿ ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಪತ್ರಿಕಾಕರ್ತನಾಗಿ ನಮಗೆ ಅನೇಕರು ಛೀಮಾರಿ ಹಾಕಿದ್ದಾರೆ, ಮಾನನಷ್ಟದ ನೋಟೀಸುಗಳನ್ನೂ ಕೊಟ್ಟಿದ್ದಾರೆ. ಇಷ್ಟು ಮೆತ್ತಗೆ, ಇಷ್ಟು ಆಳಕ್ಕೆ ಯಾರೂ ಇರಿದಿರಲಿಲ್ಲ.

ಈ ವಿಷಯ ಕೇವಲ ನಮ್ಮಿಬ್ಬರದಾಗಿದ್ದರೆ ವಾಚಕರ ಕಾಲವನ್ನು ತೆಗೆದುಕೊಳ್ಳುತ್ತಿರಲಿಲ್ಲ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ನ್ಯಾಯಮಂಡಲಿಯು 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ನೆರೆರಾಜ್ಯಗಳ ವ್ಯಾಜ್ಯದಿಂದ ಅದು ತಡೆದು ನಿಂತಿದ್ದರೂ, 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಮುಳುಗಡೆಯಾಗತಕ್ಕ ಸುಮಾರು 75 ಸಾವಿರ ಎಕರೆಗೆ ಪರಿಹಾರವನ್ನು ಗೊತ್ತುಮಾಡಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಜುಗ್ಗತನ ಮಾಡಿದರೆಂದು ಯಾರೂ ಹೇಳಲಾರರು. ಹೊಲಕ್ಕೆ ಬೆಲೆ ಬಂದಿದೆ, ಬರತಕ್ಕದ್ದೇ. ಇನ್ನೊಮ್ಮೆ ಊರುಗಳು ಏಳುವಾಗ ಯಾರ ಪಕ್ಕಕ್ಕೆ ಯಾರು ಹೋಗಿ ಕೂರಬೇಕೆಂಬುದನ್ನು ಈ ಸಲವಾದರೂ ಅವರನ್ನೇ ಕೇಳುವರೋ, ಅಥವಾ ಚೀಟಿಯೆತ್ತಿ ಹಂಚುವರೋ, ನಮಗೆ ತಿಳಿಯದು. ಕೇಳುವುದಕ್ಕೆ ಖರ್ಚೇನೂ ಇಲ್ಲ.

ಹೊರಟಾಗ ಆರು ಗಂಟೆ ಮೀರಿತ್ತು. "ಕೋಲ್ಹಾರದಾಗ ಮೊಸರು ತಗೊಂಡು ಹೋಗು, ಲಗ್ನದ ಮನಿಗೆ ಬರಿಗೈಲೆ ಹೋಗಬ್ಯಾಡ" ಎಂದು ಮಿತ್ರರು ಕಾರಿನ ಬಾಗಿಲ ಬಳಿ ನಿಂತು ಹೇಳಿದರು. ಕೃಷ್ಣೆಯ ಹಿನ್ನೀರಿನ ಮೇಲಿನ ಕೊರ್ತಿ-ಕೋಲ್ಹಾರದ ಉದ್ದನೆಯ ಸೇತುವೆಯನ್ನು ದಾಟುವಾಗ ಕತ್ತಲಾಗಿತ್ತು. ಕೋಲ್ಹಾರವೂ ಮುಳುಗಡೆಯಾಗಿ ಮೇಲಕ್ಕೆ ಬಂದು ನೆಲೆಸಿದ ಊರೇ. ಮೊಸರು ಮಾತ್ರ ಹಳೆಯ ಹೆಸರಿನಿಂದಲೇ ಮಾರಾಟವಾಗುತ್ತದೆ. ಎರಡು ಗಡಿಗೆ ಕೊಂಡೆವು. ವಿವಾಹದ ಮನೆಯನ್ನು ಸೇರಿದಾಗ ಎಲೆಯೆತ್ತಿ ಆಗಿತ್ತು. ಬಂಧುಗಳು ಮುಖ ಊದಿಸಿಕೊಂಡಿದ್ದರು. ಮೊಸರನ್ನು ಕಂಡು ಸ್ವಲ್ಪ ಸಮಾಧಾನಪಟ್ಟರು.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಕಚೇರಿಯ ಅಟ್ಟದಲ್ಲಿದ್ದ ಹಳೆಯ ಕಟ್ಟುಗಳನ್ನು ಮೂರು ದಿನ ಹುಡುಕಿಸಿದೆವು. ಪತ್ರ ಸಿಕ್ಕಿತು. ಮೂಲೆಯನ್ನು ಇಲಿ ತಿಂದಿದೆ, ಅಕ್ಷರ ಒಂದೂ ಹೋಗಿಲ್ಲ. ಫೋನಿನಲ್ಲಿ ಮಿತ್ರರ ಅನುಮತಿಯನ್ನು ಕೇಳಿದೆವು. "ಹೆಸರು ಹಾಕಬ್ಯಾಡ. ಓಣಿ ಹೆಸರು ಹಾಕು, ವಿಳಾಸ ಬದಲಿ ಮಾಡಬ್ಯಾಡ" ಎಂದರು. ನಾಳಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅದು ಪೂರ್ತಿಯಾಗಿ, ಹಾಗೆಯೇ ಬರುತ್ತದೆ. ಅವರ ಹೊಸ ವಿಳಾಸಕ್ಕೆ ಪತ್ರಿಕೆಯನ್ನು ಕಳುಹಿಸಬೇಕೆಂದು ವ್ಯವಸ್ಥಾಪಕರಿಗೆ ತಿಳಿಸಿದ್ದೇವೆ. ಚಂದಾ ಹಣ ಬೇಡವೆಂದಾಗ ಫೋನನ್ನು ತೆಗೆದುಕೊಂಡ ಅವರ ಪತ್ನಿಯವರು ಪುಕ್ಕಟೆ ಪತ್ರಿಕೆ ಬೇಡವೆಂದೂ, ಉದ್ರಿಯಾದರೆ ಆಗಬಹುದೆಂದೂ ಹೇಳಿದರು.